ಗಂಡುಬಾಣಂತಿ ಕೆರೆ

ಹೊನ್ನೇನಹಳ್ಳಿಯ ಪಕ್ಷಿಧಾಮದ ಬಾಗಿಲಲ್ಲಿ ಒಂದು ಕರಿಹಲಗೆಯಿದೆ. ಕೆರೆಯಲ್ಲಿ ಹೊಸದಾಗಿ ಕಂಡದ್ದನ್ನೆಲ್ಲ ಕಾವಲುಗಾರ ರೇವಣ್ಣ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಾನೆ. ಈ ಸಲ ಮಾಘದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದುಹೋದವು. ಯುಗಾದಿಗೆ ಮುಂಚೆ ಕೋಡಿಯ ಬಳಿ ಎರಡು ನೀರುನಾಯಿಗಳು ಕಾಣಿಸಿಕೊಂಡವು. ಈಗ ಮಳೆಗಾಲ, ಹಲಗೆಯ ಕೊನೆಯ ಸಾಲು 'ದೇವನಕ್ಕಿ, ಕಾವಿಗೆ ಕೂತಿದೆ' ಎಂದಿದೆ. ಸರ್ಕಾರದ ಕಾಗದದಲ್ಲಿ ಕೆರೆಗೆ ಊರಿನ ಹೆಸರೇ ಇದ್ದರೂ ಸುತ್ತಲಿನ ಜನ ಇದನ್ನು ಗಂಡುಬಾಣಂತಿ ಕೆರೆ ಎನ್ನುತ್ತಾರೆ. ಕೇಳಿದ ಪೇಟೆಯವರು ನಗುತ್ತಾರೆ. ನಗಲಿ, ಹೆಸರು ಹುಟ್ಟಿದ್ದೂ ನಗುವಿನಲ್ಲೇ.

ಹಿಂದೆ ಒಮ್ಮೆ, ತೂಬಿಗೆ ಕಬ್ಬಿಣದ ಚಕ್ರ ಬರುವುದಕ್ಕೆ ಎಷ್ಟೋ ತಲೆಮಾರು ಮೊದಲು, ಇಲ್ಲಿ ಈರತಿಮ್ಮನೆಂಬ ನೀರಗಂಟಿ ಇದ್ದನಂತೆ. ತೂಬಿನ ಮರದ ಬೆಣೆ ಎತ್ತಿ ಗದ್ದೆಗೆ ನೀರು ಬಿಡುವ ಹಕ್ಕು ಅವನ ಮನೆತನದ್ದು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಅವನಿಗೂ ಒಂದು ಕಟ್ಟಿತ್ತು. ಮನೆಯಲ್ಲಿ ಹೆರಿಗೆಯಾದರೆ ಹನ್ನೊಂದು ದಿನದ ಪುರುಡು ಕಳೆಯುವ ತನಕ ಬೆಣೆಗೆ ಕೈ ಹಾಕಬಾರದು. ಹಿಂದಿನ ಬೆಳೆಯ ಕಾಲಕ್ಕೆ ಅವನ ಹೆಂಡತಿ ನೋವು ತಿನ್ನುತ್ತಿದ್ದಳು. 'ಹೆರಿಗೆ ಇನ್ನೂ ಆಗಿಲ್ಲವಲ್ಲ' ಎಂದು ಪಟೇಲ ಮುದ್ದೇಗೌಡ ಅವನನ್ನು ತೂಬಿಗೆ ಕಳಿಸಿದ. ನೀರು ಬಿಟ್ಟು ಮನೆಗೆ ಬರುವಷ್ಟರಲ್ಲಿ ಹೆಣ್ಣುಮಗು ಅಳುತ್ತಿತ್ತು, ತಾಯಿ ಇರಲಿಲ್ಲ. ಅಂದಿನಿಂದ ಈರತಿಮ್ಮ ಮಗುವನ್ನು ಪಂಚೆಯಲ್ಲಿ ಎದೆಗೆ ಕಟ್ಟಿಕೊಂಡು, ಮೇಕೆಹಾಲಿನಲ್ಲಿ ಅದ್ದಿದ ಬತ್ತಿ ಚೀಪಿಸುತ್ತ ಏರಿಯ ಮೇಲೆ ಓಡಾಡಿಕೊಂಡಿದ್ದ. ಊರವರು ಅವನಿಗೆ ಗಂಡುಬಾಣಂತಿ ಎಂದು ಅಡ್ಡಹೆಸರಿಟ್ಟರು. ಕೇಳಿಯೂ ಕೇಳದವನಂತೆ ಇರುತ್ತಿದ್ದ. ಒಳಗೆ ಮಾತ್ರ ಆ ಮಾತು ಮುರಿದ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು.

ಆ ಮಳೆಗಾಲ ಕೆರೆ ತುಂಬಿತು, ಒಟ್ಲು ಪಾತಿಯಲ್ಲಿ ಭತ್ತದ ಸಸಿ ನಾಟಿಗೆ ಬಂತು. ತೂಬಿನ ಬಾಯಿಗೆ ಕಟ್ಟಿಕೊಂಡ ಕಳೆ ತೆಗೆಯಲು ಇಳಿದ ಈರತಿಮ್ಮನಿಗೆ ಅಲ್ಲಿ ತೇಲುವ ಎಲೆಯ ಮೇಲೆ ದೇವನಕ್ಕಿಯ ನಾಲ್ಕು ಮೊಟ್ಟೆ ಕಂಡವು. ಆ ಹಕ್ಕಿಯ ರೂಢಿಯಂತೆ ಇಟ್ಟ ಹೆಣ್ಣು ಬೇರೆ ಜೊತೆ ಹುಡುಕಿಕೊಂಡು ಹೋಗಿತ್ತು. ಕಾವಿಗೆ ಕೂತಿದ್ದದ್ದು ಗಂಡು. ಬೆಣೆ ಎತ್ತಿದರೆ ಸುಳಿ ಎದ್ದು ಎಲೆ, ಮೊಟ್ಟೆ ಎಲ್ಲವನ್ನೂ ತೂಬಿನೊಳಕ್ಕೆ ಎಳೆದುಕೊಳ್ಳುತ್ತಿತ್ತು. ಮರುದಿನ ಊರವರೆಲ್ಲ ಏರಿಯ ಮೇಲೆ ಸೇರಿ ನೀರು ಬಿಡುವ ಪೂಜೆ ಮುಗಿಸಿದರೂ ಅವನು ಬೆಣೆ ಮುಟ್ಟಲಿಲ್ಲ.

"ಎತ್ತೋ ಈರ, ಒಟ್ಲು ಹಳದಿಗೆ ತಿರುಗ್ತಾ ಅದೆ," ಎಂದ ಪಟೇಲ.

"ಮುಟ್ಟಂಗಿಲ್ಲ ಗೌಡ್ರೆ. ನಮ್ಮನೇಲಿ ಪುರುಡು."

"ಹೆಂಡ್ರು ಸತ್ತು ಐದು ತಿಂಗ್ಳಾಯ್ತು. ಬಾಣಂತಿ ಯಾರ್ಲಾ?"

ಈರತಿಮ್ಮ ತೂಬಿನ ಬುಡ ತೋರಿಸಿದ. "ಅಗೋ, ಅವ್ನೇ. ಹೆತ್ತೋಳು ಹೋದ್ಲು, ಇವ್ನು ಕೂತವ್ನೆ."

ಏರಿಯ ತುಂಬ ನಗು ಎದ್ದಿತು. ಗಂಡುಬಾಣಂತಿಗೆ ಗಂಡುಬಾಣಂತಿಯೇ ಜೋಡಿ ಎಂದು ಯಾರೋ ಕೂಗಿದರು. ಪಟೇಲನೂ ನಕ್ಕು, "ಮೊಟ್ಟೆ ಇನ್ನೂ ಒಡ್ದೇ ಇಲ್ಲ, ಪುರುಡು ಎಲ್ಲಿಂದ ಬಂತು? ಎತ್ತು. ಇಲ್ಲಾಂದ್ರೆ ಬೆಣೆ ಇನ್ನೊಂದು ಮನೆಗೆ ಹೋಯ್ತದೆ," ಎಂದ.

"ಹಿಂದ್ಲ ಬೆಳೇಲೂ ಹಿಂಗೇ ಅಂದ್ರಿ ಗೌಡ್ರೆ, ಇನ್ನೂ ಆಗಿಲ್ಲ ಅಂತ. ಅವತ್ತು ಎತ್ತಿದೆ."

ನಗು ನಿಂತಿತು. ಸಸಿ ಒಣಗುವುದೂ ಸುಳ್ಳಾಗಿರಲಿಲ್ಲ. ಗೂಡೆ ಹಾಕಿ ಒಟ್ಲಿಗಷ್ಟೇ ನೀರು ಎತ್ತಿ ಸಸಿ ಉಳಿಸಿಕೊಡುತ್ತೇನೆಂದು ಈರತಿಮ್ಮ ಹೇಳಿದ. ಗೂಡೆಯೆಂದರೆ ಹಗ್ಗ ಕಟ್ಟಿದ ಬುಟ್ಟಿ; ಅದಕ್ಕೆ ಇಬ್ಬರು ಬೇಕು, ಎದುರುಬದುರು ನಿಂತು ಹಗ್ಗ ಹಿಡಿದು ತೂಗಬೇಕು. ಪುರುಡು ಎಂದುಕೊಂಡವನ ಎದುರಿಗೆ ನಿಲ್ಲಲು ಯಾರೂ ಮುಂದೆ ಬರಲಿಲ್ಲ. ಕಡೆಗೆ ಪಟೇಲನೇ ಏರಿಯಿಂದ ಇಳಿದು ಕಚ್ಚೆ ಬಿಗಿದ. "ಮಗೂನ ನಮ್ಮವ್ವನ ಕೈಗೆ ಕೊಟ್ಟು ಬಾ," ಎಂದಷ್ಟೇ ಹೇಳಿ ಹಗ್ಗ ಹಿಡಿದ. ಹನ್ನೊಂದು ದಿನ ಇಬ್ಬರೂ ನೀರು ತೂಗಿದರು, ಪಟೇಲನ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಹನ್ನೊಂದನೆಯ ದಿನ ನಾಲ್ಕು ಮರಿಗಳು ಅಪ್ಪನ ಹಿಂದೆ ಎಲೆಯಿಂದ ಎಲೆಗೆ ನಡೆದುಹೋದವು. ಈರತಿಮ್ಮ ಬೆಣೆ ಎತ್ತಿದ. ಆಮೇಲೆ ಯಾರೂ ಅವನನ್ನು ಆ ಅಡ್ಡಹೆಸರಿನಿಂದ ಕರೆಯಲಿಲ್ಲ. ಅದು ಕೆರೆಯ ಹೆಸರಾಯಿತು.

ಪಟೇಲ ನಿಂತು ಗೂಡೆ ತೂಗಿದ ಕಲ್ಲು ಎಂದು ಸವೆದ ಚಪ್ಪಡಿಯೊಂದನ್ನು ಇಂದಿಗೂ ತೋರಿಸುತ್ತಾರೆ. ದುರ್ಬೀನು ಹಿಡಿದು ಬಂದವರು ತಾಯಿಹಕ್ಕಿ ಎಲ್ಲಿ ಎಂದು ಕೇಳಿದರೆ ರೇವಣ್ಣ ಗೂಡಿನಲ್ಲಿ ಕೂತ ಗಂಡನ್ನೇ ತೋರಿಸುತ್ತಾನೆ. ಮಳೆಗಾಲದಲ್ಲಿ ನೀರು ಬಿಡುವ ದಿನ ಈಗಿನ ನೀರಗಂಟಿ ಚಕ್ರದ ಮೇಲೆ ಕೈಯಿಟ್ಟು, ದಡದಲ್ಲಿ ನಿಂತ ರೇವಣ್ಣನನ್ನು "ಆಯ್ತಾ?" ಎಂದು ಕೇಳುತ್ತಾನೆ. "ಇನ್ನೂ ಆಗಿಲ್ಲ," ಎಂದು ಉತ್ತರ ಬಂದರೆ ಚಕ್ರದಿಂದ ಕೈ ತೆಗೆದು ಮನೆಗೆ ಹೋಗುತ್ತಾನೆ.