ಅರ್ಜಿಯನ್ನು ಎತ್ತಿ ಆಡಿಸಿದ ಮುನಿತಾಯಿ

ಬಲು ಹಿಂದೆ, ಎಷ್ಟು ಹಿಂದೆ ಅಂತ ನನ್ನನ್ನು ಕೇಳಬೇಡಿ, ನಮ್ಮ ಈ ಹುರುಳಿಪಾಳ್ಯದಲ್ಲಿ ಮುನಿತಾಯಿ ಅಂತ ಒಬ್ಬಳಿದ್ದಳಂತೆ. ಆಗ ಊರಲ್ಲಿ ಇಷ್ಟು ಮನೆಗಳಿರಲಿಲ್ಲ, ಈ ರಸ್ತೆ ಇರಲಿಲ್ಲ. ಅವಳ ಕತೆಯನ್ನು ಈ ಸುತ್ತಿನಲ್ಲಿ ನನ್ನಷ್ಟು ಸರಿಯಾಗಿ ಹೇಳುವವರು ಇಲ್ಲ. ಪಕ್ಕದೂರಿನ ಮುನಿಶಾಮಪ್ಪನೂ ಹೇಳುತ್ತಾನೆ, ಆದರೆ ಕತೆಯಲ್ಲಿ ಹಡಗು ಹೊರಡುವಷ್ಟರಲ್ಲಿ ಕೇಳುವವರಿಗೆಲ್ಲ ನಿದ್ದೆ ಬಂದಿರುತ್ತದೆ. ನಮ್ಮ ಮುತ್ತಜ್ಜಿ ಹುಟ್ಟಿದ್ದೇ ಮುನಿತಾಯಿಯ ಕೈಯಲ್ಲಿ. ಹಾಗಾಗಿ ಈ ಕತೆ ನಮ್ಮ ಮನೆಯದು ಅಂತಲೇ ಇಟ್ಟುಕೊಳ್ಳಿ.

ಅವಳು ಮಗುವನ್ನು ಎತ್ತಿಕೊಂಡರೆ ಅಳು ನಿಲ್ಲುತ್ತಿತ್ತಂತೆ. ಮನುಷ್ಯರ ಮಕ್ಕಳದು ಬಿಡಿ, ತಾಯಿ ಸತ್ತ ಕರು ಕೂಡ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿತ್ತಂತೆ. ಗಂಡ ಜ್ವರದಲ್ಲಿ ಹೋದ. ಪಿಳ್ಳಮ್ಮ ಅಂತ ಒಬ್ಬಳೇ ಮಗಳು, ಇನ್ನೂ ಹಾಲು ಬಿಟ್ಟಿರಲಿಲ್ಲ. ಹೊಟ್ಟೆಪಾಡಿಗೆ ಮುನಿತಾಯಿ ದಂಡಿಗೆ ಹೋದಳು. ದಂಡು ಅಂದರೆ ಬೆಂಗಳೂರಿನಲ್ಲಿ ಬಿಳಿ ಸೋಲ್ಜರುಗಳಿದ್ದ ಕಡೆ. ಅಲ್ಲಿ ಒಬ್ಬ ದೊರೆಯ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆದಳು.

ಆ ದೊರೆಗೆ ತನ್ನ ದೇಶಕ್ಕೆ ವಾಪಸು ಹೋಗುವ ಕಾಲ ಬಂತು. ಇವತ್ತು ನೀವು ಬ್ರಿಟನ್ ಅನ್ನುತ್ತೀರಲ್ಲ, ನಮ್ಮ ಹಿರಿಯರ ಬಾಯಲ್ಲಿ ಅದು ಸೀಮೆ. ಹಡಗಿನಲ್ಲಿ ಕೂಸನ್ನು ಹಿಡಿಯಲು ಆಯಾ ಬೇಕಲ್ಲ. ನೀನೂ ಬಾ, ಬೇಸಿಗೆ ತಿರುಗುವಷ್ಟರಲ್ಲಿ ಇನ್ನೊಂದು ಹಡಗು ಹತ್ತಿಸಿ ಕಳಿಸುತ್ತೇನೆ ಅಂತ ದೊರೆ ಮಾತು ಕೊಟ್ಟನಂತೆ. ಮುನಿತಾಯಿ ಪಿಳ್ಳಮ್ಮನನ್ನು ತನ್ನ ಅವ್ವನ ಮಡಿಲಿಗೆ ಹಾಕಿ ಹೊರಟಳು. ಹಡಗಿನಲ್ಲಿ ಅವಳು ಜೋಗುಳ ಹಾಡಿದರೆ ಬಿರುಗಾಳಿ ಕೂತುಬಿಡುತ್ತಿತ್ತು ಅಂತ ಹೇಳುತ್ತಾರೆ. ನಾನು ನೋಡಿಲ್ಲ, ಆದರೆ ನಂಬುತ್ತೇನೆ.

ಸೀಮೆ ಸೇರಿದ ಮೇಲೆ ಆ ಮನೆ ಒಡೆಯಿತು. ಏನೋ ಮಾತಿಗೆ ಮಾತು ಬೆಳೆದು ದೊರೆ ತನ್ನ ಹೆಂಡತಿಯನ್ನು, ಆ ದೊರೆಸಾನಿಯನ್ನು, ಮನೆಯಿಂದ ಹೊರಗೆ ಹಾಕಿದ. ಮಕ್ಕಳಿಬ್ಬರನ್ನೂ ತಾನೇ ಇಟ್ಟುಕೊಂಡ. ಆ ದೇಶದ ಕಾನೂನು ಹಾಗಿತ್ತಂತೆ. ಹೆತ್ತವಳು ಯಾರೇ ಆಗಲಿ, ಮಕ್ಕಳು ಅಪ್ಪನ ಸ್ವತ್ತು, ಅವನು ಬೇಡವೆಂದರೆ ತಾಯಿ ಮುಖ ಕೂಡ ನೋಡುವ ಹಾಗಿಲ್ಲ. ನಮ್ಮನ್ನು ಆಳುತ್ತಿದ್ದವರ ಮನೆಯೊಳಗಿನ ಸಂಗತಿ ಇದು. ಇಲ್ಲಿ ಕುದುರೆ ಮೇಲೆ ಮೆರೆಯುತ್ತಿದ್ದ ದೊರೆಸಾನಿ ಅಲ್ಲಿ ತನ್ನ ಕೂಸಿಗಾಗಿ ಬೀದಿಯಲ್ಲಿ ನಿಂತಳು.

ದೊರೆ ಮುನಿತಾಯಿಯನ್ನು ಕರೆದು ಕಟ್ಟುನಿಟ್ಟಾಗಿ ಹೇಳಿದನಂತೆ. ದೊರೆಸಾನಿ ಮಕ್ಕಳ ಹತ್ತಿರ ಬರಕೂಡದು, ಬಂದರೆ ನಿನಗೆ ಹಡಗೂ ಇಲ್ಲ, ನಿನ್ನ ಊರೂ ಇಲ್ಲ. ಮುನಿತಾಯಿ ತಲೆಯಾಡಿಸಿದಳು. ದಿನಾ ಸಂಜೆ ಕೂಸಿನ ಗಾಡಿ ತಳ್ಳಿಕೊಂಡು ತೋಟಕ್ಕೆ ಹೋಗುತ್ತಿದ್ದಳು. ಅಲ್ಲಿ ಒಂದು ದೊಡ್ಡ ಮರ, ಮರದ ಹಿಂದೆ ದೊರೆಸಾನಿ. ಮುನಿತಾಯಿ ಗಾಡಿಯನ್ನು ಮರದ ಹತ್ತಿರ ಬಿಟ್ಟು, ಮುಖ ಆ ಕಡೆ ತಿರುಗಿಸಿಕೊಂಡು, ಬಾತುಕೋಳಿಗಳನ್ನು ನೋಡುತ್ತಾ ಕೂರುತ್ತಿದ್ದಳಂತೆ. ದೊರೆ ಕೇಳಿದರೆ, ನಾನು ಬಾತುಕೋಳಿ ಬಿಟ್ಟು ಏನೂ ನೋಡಲಿಲ್ಲ ಅನ್ನುತ್ತಿದ್ದಳು. ಅದು ನಿಜ ತಾನೆ?

ದೊರೆಸಾನಿ ಅತ್ತು ಸುಮ್ಮನಾಗುವ ಹೆಂಗಸಲ್ಲ. ಒಂದು ಅರ್ಜಿ ಬರೆದಳು. ಹೆತ್ತ ಮಕ್ಕಳ ಮೇಲೆ ಹೆತ್ತವಳಿಗೂ ಹಕ್ಕು ಕೊಡಿ, ಕಾನೂನು ಬದಲಾಯಿಸಿ ಅಂತ. ಒಬ್ಬಳೇ ಕೇಳಿದರೆ ಯಾರು ಕೇಳುತ್ತಾರೆ? ಬೀದಿ ಬೀದಿ ತಿರುಗಿದಳು. ಬಟ್ಟೆ ಒಗೆಯುವವರು ಸಹಿ ಹಾಕಿದರು, ಮಗ್ಗದವರು ಹಾಕಿದರು, ರೊಟ್ಟಿ ಸುಡುವವರು ಹಿಟ್ಟಿನ ಕೈಯಲ್ಲೇ ಹಾಕಿದರು. ಬರೆಯಲು ಬಾರದವರು ಗೀಟು ಎಳೆದರು. ನಾನೂ ಗೀಟು ಎಳೆಯುವವನೇ, ಹಾಗಾಗಿ ಅವರ ಮೇಲೆ ನನಗೆ ಒಂದು ಕೈ ಜಾಸ್ತಿ ಪ್ರೀತಿ. ಹಾಳೆಗೆ ಹಾಳೆ ಅಂಟಿಸಿ ಅಂಟಿಸಿ, ಬಿಚ್ಚಿದರೆ ನಮ್ಮ ಕೆರೆಯ ಏರಿಯಷ್ಟು ಉದ್ದವಾಯಿತಂತೆ ಆ ಅರ್ಜಿ. ಸುತ್ತಿದರೆ ಹಾಲು ಕುಡಿಯುವ ಕೂಸಿನಷ್ಟು ತೂಕ.

ಆ ದೇಶದಲ್ಲಿ ಕಾನೂನು ಮಾಡುವ ಒಂದು ದೊಡ್ಡ ಮನೆ ಇದೆಯಲ್ಲ, ಅರ್ಜಿ ಅಲ್ಲಿಗೆ ಹೋಗಬೇಕು. ಒಳಗೆ ಒಬ್ಬ ಮುದುಕ ದೊರೆ, ಆ ಮನೆಯ ಸದಸ್ಯ, ತಾನೇ ಸಭೆಯ ಮುಂದೆ ಇಡುತ್ತೇನೆ ಅಂತ ಒಪ್ಪಿಕೊಂಡಿದ್ದ. ಆದರೆ ಗಂಡ ದೊರೆಗೆ ಸುಳಿವು ಸಿಕ್ಕಿಬಿಟ್ಟಿತ್ತು. ಬಾಗಿಲಲ್ಲಿ ತನ್ನ ಆಳು ನಿಲ್ಲಿಸಿದ. ದೊರೆಸಾನಿ ಬಂದರೂ, ಅವಳ ಗೆಳತಿಯರು ಬಂದರೂ, ಕೈಯಲ್ಲಿ ಕಾಗದದ ಗಂಟು ಕಂಡರೆ ಕಿತ್ತು ಬೆಂಕಿಗೆ ಹಾಕು ಅಂದ. ಸಭೆ ಮುಗಿಯಲು ಒಂದೇ ದಿನ ಬಾಕಿ. ಅವತ್ತು ತಪ್ಪಿದರೆ ಮುಂದಿನ ವರ್ಷ. ಅಷ್ಟರಲ್ಲಿ ಮಕ್ಕಳನ್ನು ದೂರದ ಊರಿಗೆ ಸಾಗಿಸಿಬಿಡುತ್ತಾನೆ ಅಂತ ದೊರೆಸಾನಿ ಮರದ ಹಿಂದೆ ನಿಂತು ಮುನಿತಾಯಿಗೆ ಹೇಳಿದಳು. ದಂಡಿನಲ್ಲಿ ಕಲಿತ ಮುರುಕು ಕನ್ನಡ ಅವಳದು.

ಮುನಿತಾಯಿ ಅವತ್ತು ಮೊದಲ ಸಲ ಬಾತುಕೋಳಿ ಬಿಟ್ಟು ಈ ಕಡೆ ತಿರುಗಿದಳಂತೆ. ನಾನು ಒಯ್ಯುತ್ತೇನೆ ಅಂದಳಂತೆ. ದೊರೆಸಾನಿ ಬೇಡ ಅಂದಳು. ಸಿಕ್ಕಿಬಿದ್ದರೆ ನಿನಗೆ ಹಡಗಿಲ್ಲ, ನಿನ್ನ ಮಗಳ ಗತಿ ಏನು ಅಂದಳು. ಅದಕ್ಕೆ ಮುನಿತಾಯಿ ಕೊಟ್ಟ ಉತ್ತರ ನಮ್ಮೂರಿನ ಎಲ್ಲ ಹೆಂಗಸರಿಗೂ ಬಾಯಿಪಾಠ.

"ನನ್ನ ಮಗಳು ಸಮುದ್ರದ ಆಚೆ ಅವ್ಳೆ, ನಿಮ್ಮ ಮಕ್ಕಳು ಬೀದಿಯ ಆಚೆ ಅವ್ರೆ. ಹತ್ತಿರ ಇರೋರು ಮೊದಲು ಸೇರಲಿ, ತಾಯಿ."

ಮಾರನೆಯ ದಿನ ಮಕ್ಕಳನ್ನು ಅಡುಗೆಯವಳ ಹತ್ತಿರ ಬಿಟ್ಟಳು. ಆಕೆಯೂ ಗೀಟು ಎಳೆದವಳೇ. ಮುನಿತಾಯಿ ತನ್ನ ಹಳೆಯ ಸೀರೆ ಹರಿದು ಅರ್ಜಿಗೆ ಸುತ್ತಿದಳು. ತುದಿಗೆ ಕೂಸಿನ ಕುಲಾವಿ ಕಟ್ಟಿದಳು. ಇಷ್ಟು ಜನ ಹೆಂಗಸರ ಹೆಸರಿರುವ ಕಾಗದ, ಯಾರ ಕಣ್ಣು ಬೀಳುತ್ತದೋ ಅಂತ ಕಾಡಿಗೆಯಲ್ಲಿ ಒಂದು ದೃಷ್ಟಿಬೊಟ್ಟನ್ನೂ ಇಟ್ಟಳು. ಗಾಡಿಯಲ್ಲಿ ಮಲಗಿಸಿ, ಹೊದಿಸಿ, ತಳ್ಳಿಕೊಂಡು ಹೊರಟಳು.

ಬಾಗಿಲಿನ ಆಳು ಏಳಡಿ ಇದ್ದನಂತೆ. ಎಂಟು ಅನ್ನುವವರೂ ಇದ್ದಾರೆ. ಆಯಾ ಕೂಸು ತಂದಿದ್ದಾಳೆ, ಒಳಗಿರುವ ಯಾರೋ ಅಜ್ಜನಿಗೆ ತೋರಿಸಲು ಇರಬೇಕು ಅಂದುಕೊಂಡ. ಆದರೂ ಹೊದಿಕೆ ಸರಿಸಲು ಕೈ ಚಾಚಿದ. ಮುನಿತಾಯಿ ತುಟಿಯ ಮೇಲೆ ಬೆರಳಿಟ್ಟು ಜೋಗುಳ ಶುರು ಮಾಡಿದಳು. ಅವನ ಕೈ ಅರ್ಧದಲ್ಲೇ ನಿಂತಿತಂತೆ. ರೆಪ್ಪೆ ಭಾರವಾಯಿತಂತೆ. ಪಕ್ಕದಲ್ಲಿ ಕಟ್ಟಿದ್ದ ಕುದುರೆ ತೂಕಡಿಸಿತಂತೆ, ಮೇಲಿದ್ದ ದೊಡ್ಡ ಗಡಿಯಾರ ಆ ಹೊತ್ತಿನ ಗಂಟೆ ಹೊಡೆಯುವುದನ್ನೇ ಮರೆಯಿತಂತೆ. ಆಳು ಗೋಡೆಗೆ ಒರಗಿ, ತನ್ನ ತಾಯಿಯ ಹೆಸರು ಕರೆಯುತ್ತಾ ಕುಸಿದು ಕೂತ. ಗಾಡಿ ಒಳಗೆ ಹೋಯಿತು.

ಮುದುಕ ದೊರೆ ಕಂಬದ ಹತ್ತಿರ ಕಾಯುತ್ತಿದ್ದ. ಬಲಗೈಯಲ್ಲಿ ಊರುಗೋಲು. ಬೇಗ ಕೊಡು ಅಂತ ಎಡಗೈ ಚಾಚಿದ. ಮುನಿತಾಯಿ ಕೊಡಲಿಲ್ಲ. ಒಳಗೆ ಸಭೆ ಮುಗಿಯುತ್ತಾ ಬಂದಿದೆ, ಹೊರಗೆ ಆಳು ಏಳುವ ಹೊತ್ತಾಗಿದೆ, ಇವಳು ಅರ್ಜಿಯನ್ನು ಎದೆಗವಚಿಕೊಂಡು ನಿಂತಿದ್ದಾಳೆ. ಅವನು ಎಡಗೈಯನ್ನು ಇನ್ನೂ ಮುಂದೆ ಚಾಚಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಕೂಸನ್ನ ಹೀಗಾ ಎತ್ತಿಕೊಳ್ಳೋದು? ಎರಡೂ ಕೈ ಕೊಡಿ ಸ್ವಾಮಿ."

ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಆ ಮಾತಿಗೆ ಯಾವ ಭಾಷೆ ಬೇಕು? ಊರುಗೋಲನ್ನು ಕೆಳಗಿಟ್ಟು ಎರಡೂ ತೋಳು ಚಾಚಿದ. ಮುನಿತಾಯಿ ಅರ್ಜಿಯನ್ನು ಮಲಗಿಸಿ, ಅವನ ಮೊಣಕೈಯನ್ನು ಸ್ವಲ್ಪ ಮೇಲಕ್ಕೆತ್ತಿ, ತಲೆಗೆ ಆಸರೆ ಹೀಗಿರಬೇಕು ಅಂತ ಸರಿಮಾಡಿ ಬಿಟ್ಟಳಂತೆ. ಅವನು ಹಾಗೇ ಸಭೆಗೆ ನಡೆದ. ಕುಲಾವಿ ಹಾಕಿದ ಅರ್ಜಿ ಕಂಡು ದೊರೆಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಅದನ್ನು ಮೇಜಿನ ಮೇಲೆ ಇಡಲೇ ಇಲ್ಲ. ತೋಳಲ್ಲೇ ಇಟ್ಟುಕೊಂಡು ಒಂದೊಂದೇ ಹೆಸರು ಓದಿದ. ಓದುತ್ತಾ ಹೋದ ಹಾಗೆ ನಗು ಸಣ್ಣಗಾಯಿತು, ಆಮೇಲೆ ನಿಂತಿತು. ಕೆಲವರಿಗೆ ತಮ್ಮ ಮನೆಯ ಬಟ್ಟೆ ಒಗೆಯುವವಳ ಹೆಸರು ಕೇಳಿಸಿತು. ಒಬ್ಬನಿಗೆ ತನ್ನ ಹೆಂಡತಿಯದೇ ಕೇಳಿಸಿತಂತೆ.

ಅವತ್ತೇ ಕಾನೂನು ಬದಲಾಯಿತು ಅಂತ ಮುನಿಶಾಮಪ್ಪ ಹೇಳುತ್ತಾನೆ. ಸುಳ್ಳು. ನಾನು ಉಬ್ಬಿಸಿ ಹೇಳುವವನು ಅಂತ ಊರಲ್ಲಿ ಹೆಸರಿದ್ದರೂ ಇದನ್ನು ಮಾತ್ರ ಉಬ್ಬಿಸುವುದಿಲ್ಲ. ಅವತ್ತು ಆಗಲಿಲ್ಲ. ಮತ್ತೆ ಬರೆದರು, ಮತ್ತೆ ಸಹಿ ಹಾಕಿದರು, ಮತ್ತೆ ಒಯ್ದರು. ಆದರೆ ಅಷ್ಟು ಹೆಸರು ಸಭೆಯಲ್ಲಿ ಓದಿದ ಮೇಲೆ ಮಕ್ಕಳನ್ನು ಊರು ಬಿಟ್ಟು ಸಾಗಿಸಲು ದೊರೆಗೆ ಧೈರ್ಯ ಬರಲಿಲ್ಲ. ಕಡೆಗೆ ಎಳೆಯ ಮಕ್ಕಳು ತಾಯಿಯ ಹತ್ತಿರ ಇರಬಹುದು ಅಂತ ಕಾನೂನಾಯಿತು.

ದೊರೆ ಮುನಿತಾಯಿಯನ್ನು ಅರ್ಜಿ ಒಯ್ದ ದಿನವೇ ಹೊರಗೆ ಹಾಕಿದ್ದ. ಬಟ್ಟೆ ಒಗೆಯುವ ಹೆಂಗಸರು ಅವಳನ್ನು ಸೇರಿಸಿಕೊಂಡರು. ಆ ಚಳಿಯಲ್ಲಿ, ಆ ನೀರಿನಲ್ಲಿ, ವರ್ಷಗಟ್ಟಲೆ ಅವಳೂ ಒಗೆದಳು. ಕೊನೆಗೆ ಒಬ್ಬ ಹಡಗಿನವನ ಹೆಂಡತಿ, ಅವಳೂ ಸಹಿ ಹಾಕಿದವಳೇ, ಗಂಡನಿಗೆ ಹೇಳಿ ಹತ್ತಿಸಿದಳು. ದೊರೆಸಾನಿ ಎರಡೂ ಮಕ್ಕಳ ಕೈ ಹಿಡಿದುಕೊಂಡು ಹಡಗುಕಟ್ಟೆಗೆ ಬಂದಿದ್ದಳಂತೆ.

ಮುನಿತಾಯಿ ಊರಿಗೆ ಬಂದಾಗ ಪಿಳ್ಳಮ್ಮ ಕೊಡ ಹೊರುವಷ್ಟು ಬೆಳೆದಿದ್ದಳು. ಇವಳೇ ಕಣೇ ನಿಮ್ಮವ್ವ ಅಂತ ಎಲ್ಲರೂ ಅಂದರು. ಅವಳು ಅಜ್ಜಿಯ ಹಿಂದೆ ಬಚ್ಚಿಟ್ಟುಕೊಂಡಳು. ನೆರೆಯವರೆಲ್ಲ ಮುನಿತಾಯಿಗೆ ಹೇಳಿದರಂತೆ, ಹೆತ್ತವಳು ನೀನು, ಎಳೆದು ಮಡಿಲಲ್ಲಿ ಕೂರಿಸಿಕೋ, ನಿನ್ನ ಹಕ್ಕು ಅಂತ. ಮುನಿತಾಯಿ ಜಗಲಿಯ ಮೇಲೆ ಕೂತು ಅಂದಳಂತೆ:

"ಸರ್ಕಾರದ ಹತ್ತಿರ ಆದರೆ ಹಕ್ಕು ಕೇಳಬಹುದು. ಮಗು ಹತ್ತಿರ ಕಾಯಬೇಕು."

ಕಾದಳು. ನೆಂಟರ ಹಾಗೆ ಜಗಲಿಯಲ್ಲೇ ಮಲಗಿದಳು, ಹೊಲಕ್ಕೆ ಹೋದಳು, ಬಂದಳು, ಮಗಳನ್ನು ಏನೂ ಕೇಳಲಿಲ್ಲ. ರಾಗಿ ಕೊಯ್ಲು ಮುಗಿದ ಮೇಲೆ ಒಂದು ಮಧ್ಯಾಹ್ನ ಪಿಳ್ಳಮ್ಮ ಬಾಚಣಿಗೆ ಹಿಡಿದುಕೊಂಡು ಬಂದಳು. ಬಾಚಣಿಗೆಯನ್ನು ಅವ್ವನ ಪಕ್ಕ ಇಟ್ಟು, ಬೆನ್ನು ತಿರುಗಿಸಿ ಕೂತಳು. ಮುನಿತಾಯಿ ಅವತ್ತು ಜಡೆ ಹೆಣೆದು, ಬಿಚ್ಚಿ, ಮತ್ತೆ ಹೆಣೆದು, ಹೊತ್ತು ಮುಳುಗಿಸಿದಳಂತೆ.

ಇವತ್ತಿಗೂ ನಮ್ಮ ಹುರುಳಿಪಾಳ್ಯದಿಂದ ಅರ್ಜಿ ಹೊರಟರೆ ಅದನ್ನು ಕವರಿನಲ್ಲಿ ಹಾಕುವುದಿಲ್ಲ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಕಾಡಿಗೆ ಬೊಟ್ಟಿಟ್ಟು, ಹೆಂಗಸರು ತೋಳಲ್ಲಿ ಎತ್ತಿಕೊಂಡು ಹೋಗುತ್ತಾರೆ. ಆಫೀಸಿನವರು ಒಂದು ಕೈ ಚಾಚಿದರೆ ಕೊಡುವುದಿಲ್ಲ. ಜಗಳವಾಡುವುದೂ ಇಲ್ಲ, ಸುಮ್ಮನೆ ನಿಂತಿರುತ್ತಾರೆ. ಹೋದ ಸಲ ಕುಡಿಯುವ ನೀರಿಗಾಗಿ ಹೋದಾಗ ನಾನೂ ಜೊತೆಗಿದ್ದೆ. ಹೊಸ ತಹಸೀಲ್ದಾರರು, ವಯಸ್ಸಿನ್ನೂ ಚಿಕ್ಕದು, ಒಂದು ಕೈಯಲ್ಲಿ ಫೋನು. ಇನ್ನೊಂದು ಕೈ ಚಾಚಿ ಚಾಚಿ ಸಾಕಾಗಿ, ಕೊನೆಗೆ ಫೋನು ಕೆಳಗಿಟ್ಟು ಎರಡೂ ತೋಳಲ್ಲಿ ಇಸಿದುಕೊಂಡರು. ಆಮೇಲೆ ನಮ್ಮ ಹೆಂಗಸರು ನೀರಿನ ಕಷ್ಟ ಹೇಳಿಕೊಳ್ಳುತ್ತಿದ್ದಷ್ಟು ಹೊತ್ತೂ, ತಮಗೇ ಗೊತ್ತಿಲ್ಲದ ಹಾಗೆ, ಅದನ್ನು ಮೆಲ್ಲಗೆ ತೂಗುತ್ತಾ ನಿಂತಿದ್ದರು.