ದಾದಿ ಬರೆಯದ ಅಂಕಿ

“ಗುರುಗಳೇ, ಒಂದು ಸಣ್ಣ ಸುಳ್ಳಿನಿಂದ ಹತ್ತು ಜನರಿಗೆ ಅನುಕೂಲವಾಗುವುದಾದರೆ, ಅದನ್ನು ಹೇಳುವುದು ತಪ್ಪೇ?” ಎಂದು ಶಿಷ್ಯ ಈರಯ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಘಟ್ಟದ ದಾರಿಯಲ್ಲಿ ಬಸ್ಸು ಓಡಿಸುವ ಒಂದು ಕಂಪನಿಯಿತ್ತು. ಚಾಲಕರ ಆರೋಗ್ಯ ನೋಡಲು ಅಲ್ಲಿ ಒಬ್ಬ ದಾದಿಯಿದ್ದಳು. ಅವಳು ಬರೆದ ಅಂಕಿ ನೋಡಿ ವೈದ್ಯರು ಸಹಿ ಹಾಕುತ್ತಿದ್ದರು. ಒಂದು ಬೆಳಿಗ್ಗೆ ಹಿರಿಯ ಚಾಲಕನೊಬ್ಬ ಬಂದ. ದಾದಿ ಅವನ ತೋಳಿಗೆ ಪಟ್ಟಿ ಸುತ್ತಿ, ರಕ್ತದ ಓಟ ನಿಲ್ಲುವವರೆಗೆ ಗಾಳಿ ತುಂಬಿದಳು. ಮೊಣಕೈ ಮಡಿಯುವ ಕಡೆ ಸ್ಟೆತಾಸ್ಕೋಪ್ ಇಟ್ಟು, ಗಾಳಿಯನ್ನು ಮೆಲ್ಲಗೆ ಬಿಟ್ಟಳು. ಮೊದಲ ಬಡಿತ ಕೇಳಿಸಿದಾಗ ಮಾಪಕದ ಪಾದರಸ ಇನ್ನೂರರಲ್ಲಿತ್ತು. ಸದ್ದು ಅಡಗಿದಾಗ ನೂರಿಪ್ಪತ್ತರಲ್ಲಿತ್ತು. ಅವಳಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ಅವನನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ನೋಡಿದಳು. ಇನ್ನೊಂದು ತೋಳಿನಲ್ಲೂ ನೋಡಿದಳು. ಅಷ್ಟೇ ಇತ್ತು.

“ನನಗೆ ತಲೆನೋವೂ ಇಲ್ಲವಲ್ಲ ತಾಯಿ,” ಎಂದ ಚಾಲಕ.

“ಇದು ನೋಯುವುದಿಲ್ಲ ಅಣ್ಣ. ಹೃದಯ ಹಿಂಡಿಕೊಂಡಾಗ ರಕ್ತವು ನಾಳದ ಗೋಡೆಯನ್ನು ಎಷ್ಟು ಒತ್ತುತ್ತದೆ ಎಂಬುದು ಮೇಲಿನ ಅಂಕಿ. ಹೃದಯ ಸಡಿಲಾದಾಗಲೂ ಉಳಿಯುವ ಒತ್ತಡ ಕೆಳಗಿನದು. ನಿಮಗೆ ಎರಡೂ ಮಿತಿ ಮೀರಿವೆ. ಮಿದುಳಿನ ನಾಳ ಒಡೆದರೆ ಸ್ಟೇರಿಂಗ್ ಹಿಡಿದ ಕೈ ಬಿದ್ದುಹೋಗುತ್ತದೆ.”

ಅಷ್ಟರಲ್ಲಿ ಮಾಲೀಕ ಬಂದ. ಮದುವೆಯ ದಿಬ್ಬಣ ಬಸ್ಸು ಹತ್ತಿ ಕೂತಿತ್ತು, ಐವತ್ತು ಜನ. ಬೇರೆ ಚಾಲಕನಿರಲಿಲ್ಲ.

“ನೂರಮೂವತ್ತು, ಎಂಬತ್ತು ಅಂತ ಬರೆಯಿರಿ ಸಿಸ್ಟರ್. ನಾಳೆ ಅವನಿಗೆ ರಜೆ ಕೊಡುತ್ತೇನೆ,” ಎಂದ.

ಅವಳ ಮನೆ ನಡೆಯುತ್ತಿದ್ದುದು ಆ ಕೆಲಸದಿಂದಲೇ. ಆದರೂ ಅಂಕಿ ಬರೆದಿದ್ದ ಪುಸ್ತಕವನ್ನು ಮಾಲೀಕನ ಮುಂದಕ್ಕೆ ತಳ್ಳಿದಳು.

“ನನ್ನ ಕಿವಿಗೆ ಕೇಳಿದ್ದನ್ನು ಬರೆದಿದ್ದೇನೆ. ಬೇರೆ ಅಂಕಿ ಬೇಕಿದ್ದರೆ ನೀವೇ ಬರೆದು ನಿಮ್ಮ ಹೆಸರು ಹಾಕಿ. ನಾನು ಬಸ್ಸಿಗೆ ಹೋಗಿ, ಎರಡನ್ನೂ ಆ ಐವತ್ತು ಜನರಿಗೆ ಓದಿ ಹೇಳುತ್ತೇನೆ.”

ಮಾಲೀಕ ಪೆನ್ನು ತೆಗೆದುಕೊಂಡ. ಪುಟದ ಮೇಲೆ ಇಟ್ಟ. ಬರೆಯಲಿಲ್ಲ.

ಪಕ್ಕದ ಊರಿನಿಂದ ಚಾಲಕನನ್ನು ಕರೆಸಿ ಬಸ್ಸು ಹೊರಡುವಾಗ ಮೂರು ಗಂಟೆ ತಡವಾಗಿತ್ತು. ಮುಹೂರ್ತ ತಪ್ಪಿತೆಂದು ಮದುವೆಯವರು ದಾದಿಗೆ ಶಾಪ ಹಾಕಿದರು. ಎಲ್ಲರೆದುರು ಮಾನ ಹೋಯಿತೆಂದು ಚಾಲಕ ಅವಳ ಮುಖವನ್ನೂ ನೋಡದೆ ಆಸ್ಪತ್ರೆಗೆ ಹೋದ. ತಿಂಗಳು ತುಂಬುವ ಮೊದಲೇ ಅವಳ ಕೆಲಸ ಹೋಯಿತು. ಚಾಲಕ ಮಾತ್ರೆ ನುಂಗಿದ, ಉಪ್ಪು ಕಡಿಮೆ ಮಾಡಿದ. ಒತ್ತಡ ಹಿಡಿತಕ್ಕೆ ಬಂದ ಮೇಲೆ ಅವನು ಕೆಲಸಕ್ಕೆ ಮರಳಲು ವೈದ್ಯರು ಒಪ್ಪಿದರು. ನಿವೃತ್ತನಾಗುವವರೆಗೂ ಅದೇ ಘಟ್ಟದಲ್ಲಿ ಬಸ್ಸು ಓಡಿಸಿದ.

ಈರಯ್ಯನಿಗೆ ಸಮಾಧಾನವಾಗಲಿಲ್ಲ. “ಚಾಲಕನಿಗೂ ಏನೂ ಆಗಲಿಲ್ಲ, ದಿಬ್ಬಣಕ್ಕೂ ಏನೂ ಆಗಲಿಲ್ಲ. ಹಾಗಾದರೆ ಅವಳು ಕೆಲಸ ಕಳೆದುಕೊಂಡದ್ದು ಯಾತಕ್ಕೆ?”

“ಆ ‘ಏನೂ ಆಗಲಿಲ್ಲ’ ಎನ್ನುವುದಕ್ಕೇ,” ಎಂದರು ಗುರುಗಳು.