ಕಲ್ಲೆಣ್ಣೆ ಅತ್ತೆಯ ಇನ್ನೊಂದೇ ತುತ್ತು

ಬೆಟ್ಟಗಳಿನ್ನೂ ಹಸಿಯಾಗಿದ್ದ, ಒತ್ತಿದರೆ ಬೆರಳಿನ ಗುರುತು ಮೂಡುತ್ತಿದ್ದ ಕಾಲ ಅದು. ಆಗ ಗಾಳಿಯಣ್ಣನಿಗೆ ಕಿಡಿ ಎಂಬ ಪುಟ್ಟ ಮಗುವಿತ್ತು. ಒಮ್ಮೆ ಹೊತ್ತಿಕೊಂಡರೆ ದಿನವಿಡೀ ಆರದೆ ಕುಣಿಯುವ ಮಗು. ಅದಕ್ಕೆ ಉಣಿಸುವ ಕೆಲಸ ಗಾಳಿಯ ತಂಗಿ ಕಲ್ಲೆಣ್ಣೆಯದು. ಈಗ ನಾವು ಪೆಟ್ರೋಲ್ ಎನ್ನುವುದು ಇವಳನ್ನೇ. ಹುಟ್ಟಿದ್ದು ಕಲ್ಲಿನಲ್ಲಾದರೂ ಕರುಳು ಮಾತ್ರ ಬೆಣ್ಣೆ.

"ಒಂದು ತುತ್ತು ಎಣ್ಣೆಗೆ ಹದಿನೈದು ತುತ್ತು ಗಾಳಿ ಬೇಕು ಇದಕ್ಕೆ. ನಾನು ಬಂದಾಗ ಮಾತ್ರ ಉಣ್ಸು ತಂಗಿ," ಎಂದು ಗಾಳಿಯಣ್ಣ ದಿನಾ ಹೇಳುತ್ತಿದ್ದ.

"ಆಗ್ಲಣ್ಣ," ಎನ್ನುತ್ತಿದ್ದಳು ಅವಳು. ಆದರೆ ಅಣ್ಣನ ಮಗುವಿಗೆ ಉಣಿಸುವಾಗ ತುತ್ತು ಎಣಿಸುವ ಅತ್ತೆಯನ್ನು ನೀವೆಲ್ಲಾದರೂ ಕಂಡಿದ್ದೀರಾ?

ಒಂದು ಚಳಿಯ ಬೆಳಿಗ್ಗೆ ಗಾಳಿ ಬೆಟ್ಟದಾಚೆ ಹೋಗಿದ್ದ. ಕಿಡಿ ಮಂಕಾಗಿ ಮಲಗಿತ್ತು. ಅತ್ತೆಗೆ ತಡೆಯಲಾಗಲಿಲ್ಲ.

"ಅಜ್ಜನಿಗೊಂದು ತುತ್ತು," ಎಂದು ತಿನ್ನಿಸಿದಳು. "ಅಜ್ಜಿಗೊಂದು."

"ಸಾಕತ್ತೆ," ಎಂದಿತು ಕಿಡಿ.

"ಅಪ್ಪನಿಗೊಂದು ಬೇಡ್ವಾ? ಇನ್ನೊಂದೇ ತುತ್ತು ಕಂದ, ಆ ಅನ್ನು."

ಕಿಡಿ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಕೆಮ್ಮಲೇ ಇಲ್ಲ. ಅತಿಯಾದರೆ ಅಮೃತವೂ ವಿಷವಂತೆ. ಮಗು ಎಣ್ಣೆಯಲ್ಲಿ ತೊಯ್ದು ತಣ್ಣಗಾಗಿತ್ತು.

ಗಾಳಿಯಣ್ಣ ಬಂದು ನೋಡಿದ. ಮಗು ಒಣಗುವವರೆಗೆ ಊದುತ್ತ ಕೂತ. ಮಧ್ಯಾಹ್ನದ ಹೊತ್ತಿಗೆ ಕಿಡಿ ಕಣ್ಣು ಬಿಟ್ಟಿತು. ಆದರೆ ಮೊದಲಿನಂತೆ ನಿಂತು ಉರಿಯಲು ಅದಕ್ಕೆ ಆಗಲಿಲ್ಲ. ಹೊತ್ತಿತು, ಆರಿತು, ಮತ್ತೆ ಹೊತ್ತಿತು, ಮತ್ತೆ ಆರಿತು. ಇವತ್ತಿಗೂ ಅಷ್ಟೇ.

"ನನ್ನ ಕೈಯನ್ನ ನಾನೇ ನಂಬಲಾರೆ ಅಣ್ಣಾ," ಎಂದು ಅತ್ತಳು ಕಲ್ಲೆಣ್ಣೆ. ಪುಟ್ಟ ಬಟ್ಟಲೊಂದರಲ್ಲಿ ಕೂತು, ಮೇಲೊಂದು ಬೆಂಡು ತೇಲಿಬಿಟ್ಟಳು. ಬಟ್ಟಲು ತುಂಬಿದೊಡನೆ ಬೆಂಡು ಮೇಲೆದ್ದು ಎಣ್ಣೆ ಬರುವ ದಾರಿ ಮುಚ್ಚುತ್ತದೆ. ಬಟ್ಟಲ ಮೇಲೆ ಕಿರಿದಾದ ಗಂಟಲು. ಗಾಳಿಯಣ್ಣ ಅದರಲ್ಲಿ ನುಸುಳಿ ಓಡುತ್ತ, ಸೂಜಿಗಣ್ಣಿನಷ್ಟು ತೂತಿನಿಂದ ಅವಳನ್ನು ಸೆಳೆದುಕೊಳ್ಳುತ್ತಾನೆ. ಅವನು ಜೋರಾಗಿ ಓಡಿದರೆ ಹೆಚ್ಚು, ಮೆಲ್ಲಗೆ ಓಡಿದರೆ ಕಡಿಮೆ. ಕಿಡಿ ಇರುವುದು ಆಚೆ ಕೋಣೆಯಲ್ಲಿ. ಮುಖ ನೋಡಿ ಉಣಿಸುವ ಭಾಗ್ಯ ಅತ್ತೆಗೆ ಮತ್ತೆ ಬರಲಿಲ್ಲ, ಪಾಪ.

ಚಳಿಯ ಬೆಳಿಗ್ಗೆಗಳಲ್ಲಿ ಮಾತ್ರ ಗಾಳಿಯಣ್ಣ ತಾನು ಬರುವ ಬಾಗಿಲನ್ನು ತಾನೇ ಮುಕ್ಕಾಲು ಮುಚ್ಚಿ, "ಮಗೂಗೆ ಚಳಿ. ಇವತ್ತೊಂದು ತುತ್ತು ಹೆಚ್ಚು ಹಾಕು ತಂಗಿ," ಎನ್ನುತ್ತಾನೆ. ಆ ಬಾಗಿಲಿಗೇ ಚೋಕ್ ಎಂದು ಹೆಸರು.

ಆ ಬಟ್ಟಲು, ಬೆಂಡು, ಗಂಟಲು ಎಲ್ಲ ಸೇರಿದ್ದನ್ನು ಜನ ಈಗ ಕಾರ್ಬುರೇಟರ್ ಎನ್ನುತ್ತಾರೆ. ನಿಮ್ಮ ಮಾವನ ಹಳೇ ಸ್ಕೂಟರ್ ಬೆಳಿಗ್ಗೆ ಎರಡು ಸಲ ಕೆಮ್ಮಿ ನಿಂತು, ಗಪ್ಪನೆ ಪೆಟ್ರೋಲ್ ವಾಸನೆ ಬಂದಾಗ ಅವರು ಕಿಕ್ ಹೊಡೆಯುವುದನ್ನು ಬಿಟ್ಟು ಸ್ವಲ್ಪ ಹೊತ್ತು ಕಾಯುತ್ತಾರಲ್ಲ, ಅದು ಅತ್ತೆ ಇವತ್ತೂ ಮನಸ್ಸು ತಡೆಯದೆ ಇನ್ನೊಂದೇ ತುತ್ತು ಹಾಕಿಬಿಟ್ಟಿದ್ದಾಳೆ, ಮಗು ಒಣಗಲಿ ಎಂದು.